ಡ್ರೈಸೂಟ್ ಒಳಗೆ ಹತ್ತಿ ಬನಿಯನ್ ಬೇಡ

ಚಂದ್ರಂಪಳ್ಳಿಯ ಓದುಗರಿಗೆ,

ನೇತ್ರಾಣಿಯಲ್ಲಿ ಡೈವಿಂಗ್ ಕಲಿತು ಈಗ ಐಸ್‌ಲ್ಯಾಂಡಿನ ಸಿಲ್‌ಫ್ರಾಕ್ಕೆ ಹೊರಟಿದ್ದೀರಿ, ಸಂತೋಷ. ಡಿಸೆಂಬರ್ ಮುಂಜಾವಿನಲ್ಲಿ ನಿಮ್ಮೂರ ಜಲಾಶಯದ ನೀರು ಕೊರೆಯುತ್ತದೆ ಎಂದು ಬರೆದಿದ್ದೀರಿ. ಸಿಲ್‌ಫ್ರಾದ ನೀರು ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್. ಡ್ರೈಸೂಟ್ ನೀರನ್ನಷ್ಟೇ ತಡೆಯುತ್ತದೆ; ಮೈ ಬೆಚ್ಚಗಿಡುವುದು ಒಳಉಡುಪು ಹಿಡಿದಿಟ್ಟ ಗಾಳಿ.

ನಮ್ಮ ಕಲಬುರಗಿ ಬಿಸಿಲಿಗೆ ಹತ್ತಿಯಂಥ ಬಟ್ಟೆ ಬೇರೆ ಇಲ್ಲ. ಅಲ್ಲಿ ಮಾತ್ರ ಅದು ಅಪಾಯ: ಬೆವರು ಕುಡಿದು ಒದ್ದೆಯಾಗಿ ಮೈಗಂಟುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಕಸಿಯುತ್ತದೆ. ಹಾಗಾಗಿ ಮೈಗೆ ತಾಗುವ ಪದರ ಮೆರಿನೊ ಉಣ್ಣೆಯದೇ ಇರಲಿ, ಕಾಲುಚೀಲವೂ ಉಣ್ಣೆಯದೇ. ಅದರ ಮೇಲೆ ಫ್ಲೀಸ್‌ನ ಅಥವಾ ಥಿನ್ಸುಲೇಟ್ ಎಂಬ ಕೃತಕ ನಾರು ತುಂಬಿದ ದಪ್ಪ ಉಡುಪು ಬೇಕು. ಆಳದ ಒತ್ತಡಕ್ಕೆ ಫ್ಲೀಸ್ ಬೇಗ ಚಪ್ಪಟೆಯಾಗುತ್ತದೆ, ಥಿನ್ಸುಲೇಟ್ ಹೆಚ್ಚು ತಾಳುತ್ತದೆ. ಈ ದಪ್ಪ ಉಡುಪನ್ನು ಕೊಳ್ಳುವ ಅವಸರ ಬೇಡ. ಅಲ್ಲಿನ ಡೈವಿಂಗ್ ಸಂಸ್ಥೆಗಳು ಸಾಮಾನ್ಯವಾಗಿ ಸೂಟಿನ ಜೊತೆಗೇ ಕೊಡುತ್ತವೆ, ಮೊದಲು ವಿಚಾರಿಸಿ.

ಕುತ್ತಿಗೆ, ಮಣಿಕಟ್ಟಿನ ರಬ್ಬರ್ ಪಟ್ಟಿಯಡಿ ಬಟ್ಟೆಯ ಅಂಚು ಸಿಕ್ಕಿದರೆ ನೀರು ನುಗ್ಗುತ್ತದೆ. ಉಡುಪು ದಪ್ಪವಾದಷ್ಟೂ ತೇಲುವಿಕೆ ಹೆಚ್ಚು, ಸೊಂಟಕ್ಕೆ ಸೀಸದ ತೂಕವೂ ಹೆಚ್ಚು ಬೇಕು. ದಯವಿಟ್ಟು ಡ್ರೈಸೂಟ್ ತರಬೇತಿ ಮುಗಿಸದೆ ಅಲ್ಲಿ ನೀರಿಗಿಳಿಯಬೇಡಿ.