ವಾಸನೆ ಬಂದರೆ ಸಾಲದು

ಹಾಸ್ಟೆಲಿನ ಬಚ್ಚಲು, ಶೌಚಾಲಯಗಳ ಕೆಲಸಕ್ಕೆ ಹೊಸದಾಗಿ ಬಂದವರನ್ನು ನಾನು ಮೊದಲ ದಿನ ಕೇಳುವುದು ಒಂದೇ ಪ್ರಶ್ನೆ: "ಸ್ವಚ್ಛ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?" ಹೆಚ್ಚಿನವರ ಉತ್ತರ, "ಫಿನಾಯಿಲ್ ವಾಸನೆ ಬಂದ್ರೆ ಆಯ್ತಲ್ಲ ಮೇಡಂ." ಬಕೆಟ್ ನೀರಿಗೆ ನಾಲ್ಕು ಹನಿ ಬಿಟ್ಟರೂ ವಾಸನೆ ಬರುತ್ತದೆ. ಅಷ್ಟಕ್ಕೆ ರೋಗಾಣು ಸಾಯುವುದಿಲ್ಲ.

ತೊಳೆಯುವುದು ಒಂದು ಕೆಲಸ, ರೋಗಾಣು ಕೊಲ್ಲುವುದು ಇನ್ನೊಂದು. ಮೊದಲನೆಯದಕ್ಕೆ ಸೋಪಿನ ಪುಡಿ, ಬ್ರಷ್ಷು, ರಟ್ಟೆಯ ಬಲ ಬೇಕು. ಎರಡನೆಯದಕ್ಕೆ ಬ್ಲೀಚಿಂಗ್ ಪೌಡರ್ ಮತ್ತು ತಾಳ್ಮೆ. ಕೊಳೆ ತೆಗೆಯದೆ ಬ್ಲೀಚಿಂಗ್ ನೀರು ಸುರಿದರೆ ಅದರ ಕ್ಲೋರಿನ್ನೆಲ್ಲ ಕೊಳೆಗೇ ಖರ್ಚಾಗಿಹೋಗುತ್ತದೆ.

1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರ ವೈದ್ಯ ಸೆಮ್ಮೆಲ್‌ವೈಸ್ ಬಳಸಿದ್ದೂ ಹೆಚ್ಚುಕಡಿಮೆ ಇದೇ ಪುಡಿಯನ್ನು. ಶವ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದವರಿಗೆ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲು ಹೇಳಿದರು. ಏಪ್ರಿಲ್‌ನಲ್ಲಿ ಶೇ 18 ದಾಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಶೇ 2ರ ಆಸುಪಾಸಿಗೆ ಇಳಿಯಿತು. ರೋಗಾಣುವಿನ ವಿಚಾರ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಅವರೂ ಮೂಗನ್ನೇ ನಂಬಿದ್ದರು ಅನ್ನಿ; ಆದರೆ ನೋಡಿದ್ದು ಹೆಣದ ವಾಸನೆ ಹೋಯಿತೇ ಎಂದು.

ಈಗ ಅಳತೆ. ಒಳ್ಳೆಯ ಬ್ಲೀಚಿಂಗ್ ಪೌಡರ್‌ನಲ್ಲಿ ಸುಮಾರು ಶೇ 30ರಷ್ಟು ಕ್ಲೋರಿನ್ ಇರುತ್ತದೆ. ದಿನದ ಕೆಲಸಕ್ಕೆ 10 ಲೀಟರ್ ತಣ್ಣೀರಿಗೆ 33 ಗ್ರಾಂ ಸಾಕು. ಯಾರಾದರೂ ವಾಂತಿ ಭೇದಿ ಮಾಡಿಕೊಂಡ ಜಾಗಕ್ಕೆ ಅದರ ಐದು ಪಟ್ಟು. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಿ, ತಳ ಕಟ್ಟಲು ಬಿಟ್ಟು, ಮೇಲಿನ ತಿಳಿನೀರು ಬಳಸಿ. ಕೈಗವಸು ಇರಲಿ. ನೆನ್ನೆಯ ನೀರು ಇವತ್ತಿಗೆ ಬೇಡ. ಚೀಲದ ಬಾಯಿ ಬಿಗಿಯಾಗಿ ಕಟ್ಟಿಡಿ. ತಿಂಗಳುಗಟ್ಟಲೆ ತೆರೆದಿಟ್ಟ ಪುಡಿಯಲ್ಲಿ ಉಳಿಯುವುದು ಬಹುಪಾಲು ಸುಣ್ಣವೇ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಟೈಲ್ಸಿನ ಕಲೆಗೆ ಹಾಕುವ ಆಸಿಡ್ಡನ್ನು ಇದರ ಹತ್ತಿರಕ್ಕೂ ತರಬೇಡಿ. ಎರಡೂ ಸೇರಿದರೆ ಏಳುವುದು ವಿಷಗಾಳಿ. ಕಣ್ಣು, ಗಂಟಲು ಉರಿದರೆ ಬಕೆಟ್ ಅಲ್ಲೇ ಬಿಟ್ಟು ಹೊರಗೆ ಓಡಿ.

ನೆಲವನ್ನು ಎಲ್ಲರೂ ತೊಳೆಯುತ್ತಾರೆ. ಮರೆಯುವುದು ಕೈ ತಾಗುವ ಜಾಗಗಳನ್ನು: ಚಿಲಕ, ನಲ್ಲಿಯ ತಿರುಪು, ಫ್ಲಶ್ ಗುಂಡಿ, ಮಗ್ಗಿನ ಹಿಡಿ. ಶೌಚಾಲಯ ಒರೆಸಿದ ಬಟ್ಟೆ ವಾಶ್‌ಬೇಸಿನ್ ಮುಟ್ಟಬಾರದು.

ಬ್ಲೀಚಿಂಗ್ ನೀರು ಹಚ್ಚಿದ ಜಾಗ ಹತ್ತು ನಿಮಿಷವಾದರೂ ಒದ್ದೆಯಾಗಿರಬೇಕು. ಆಮೇಲೆ ಬರಿಯ ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಚಿಲಕ ತುಕ್ಕು ಹಿಡಿಯುತ್ತದೆ. ಹೊಸಬರು ಸೋಲುವುದು ಈ ಹತ್ತು ನಿಮಿಷದಲ್ಲೇ. ಬೆಳಗಿನ ಹೊತ್ತು, ಹೊರಗೆ ಬಕೆಟ್ ಹಿಡಿದು ಸಾಲು ನಿಂತ ಹುಡುಗಿಯರು, "ಅಕ್ಕಾ, ಕ್ಲಾಸಿಗೆ ಹೊತ್ತಾಯ್ತು" ಅನ್ನುವ ಗಲಾಟೆ. ಬೈಸಿಕೊಳ್ಳಿ, ಬಾಗಿಲು ಮಾತ್ರ ಬಿಡಬೇಡಿ.