ಕಸದ ತೂಕ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಒಹಾಯೋ ರಾಜ್ಯದಲ್ಲಿ ಎರಡು ಹಳೆಯ ವಿಶ್ವವಿದ್ಯಾನಿಲಯಗಳಿವೆ. 1804ರಲ್ಲಿ ಸ್ಥಾಪಿತವಾದ ಒಹಾಯೋ ವಿಶ್ವವಿದ್ಯಾನಿಲಯವಿರುವ ಊರಿನ ಹೆಸರು ಅಥೆನ್ಸ್. 1809ರಲ್ಲಿ ಸ್ಥಾಪಿತವಾದ ಮಯಾಮಿ ವಿಶ್ವವಿದ್ಯಾನಿಲಯವಿರುವ ಊರು ಆಕ್ಸ್‌ಫರ್ಡ್. ಮಯಾಮಿ ಎಂದೊಡನೆ ಫ್ಲಾರಿಡಾದ ಕಡಲತೀರದ ನಗರ ನೆನಪಾಗುವುದು ಸಹಜ; ಆದರೆ ಇಲ್ಲಿ ಅದು ಆ ನಾಡಿನ ಮೂಲನಿವಾಸಿಗಳ ಒಂದು ಪಂಗಡದ ಹೆಸರು. ವಿದ್ಯೆಗೆ ಪ್ರಸಿದ್ಧವಾದ ಯೂರೋಪಿನ ಎರಡು ನಗರಗಳ ಹೆಸರನ್ನು ಹೊತ್ತ ಈ ಊರುಗಳ ತರುಣರು ಆಟದ ಮೈದಾನದಲ್ಲಿ ಬಹುಕಾಲದ ಎದುರಾಳಿಗಳು. 2001ರಲ್ಲಿ ಅವರ ಸ್ಪರ್ಧೆ ಒಂದು ಹೊಸ ಕಣಕ್ಕಿಳಿಯಿತು. ಆ ಕಣವೇ ಕಸದ ತೊಟ್ಟಿ.

ವಿಶ್ವವಿದ್ಯಾನಿಲಯದ ಆವರಣವೆಂದರೆ ಒಂದು ಪುಟ್ಟ ಪಟ್ಟಣವೇ ಸರಿ. ವಸತಿಗೃಹ, ಭೋಜನಶಾಲೆ, ಪ್ರಯೋಗಾಲಯ, ಕಚೇರಿ ಇವೆಲ್ಲವುಗಳಿಂದ ಪ್ರತಿದಿನವೂ ಕಾಗದ, ರಟ್ಟು, ತಗಡಿನ ಡಬ್ಬಿ, ಉಳಿದ ಅನ್ನಾಹಾರಗಳು ಹೊರಬೀಳುತ್ತವೆ. ಅಲ್ಲಿರುವವರು ಕೆಲವು ವರ್ಷಗಳಿದ್ದು ಹೊರಟುಹೋಗುವವರಾದುದರಿಂದ ಆ ಕಸ ತನ್ನದೆಂದು ಯಾರಿಗೂ ಅನಿಸುವುದಿಲ್ಲ. ಈ ಉದಾಸೀನವನ್ನು ಹೋಗಲಾಡಿಸಲು ಪಂದ್ಯ ಒಳ್ಳೆಯ ಉಪಾಯವಾಯಿತು. ನಿಯಮ ಸರಳವಾಗಿತ್ತು. ಮರುಬಳಕೆಗೆ ಯೋಗ್ಯವಾದ ವಸ್ತುಗಳನ್ನು ಬೇರ್ಪಡಿಸಿ ತೂಗಬೇಕು. ತಲೆಯೊಂದಕ್ಕೆ ಹೆಚ್ಚು ತೂಕ ಕೂಡಿಸಿದವರಿಗೆ ಜಯ. ಕೆಲವೇ ವರ್ಷಗಳಲ್ಲಿ ನೂರಾರು ವಿದ್ಯಾಸಂಸ್ಥೆಗಳು ಇದರಲ್ಲಿ ಭಾಗವಹಿಸತೊಡಗಿದವು.

ಈ ಶ್ರಮ ವ್ಯರ್ಥವಲ್ಲ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ತಗಲುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 5 ಪಾಲಿನಷ್ಟರಲ್ಲಿಯೇ ಹಳೆಯ ಡಬ್ಬಿಗಳನ್ನು ಕರಗಿಸಿ ಅದೇ ಲೋಹವನ್ನು ಪಡೆಯಬಹುದು. ಕಾಗದದ ಮಾತು ಹಾಗಲ್ಲ. ಪ್ರತಿ ಸಲ ಅರೆದು ಹಾಳೆ ಮಾಡುವಾಗಲೂ ಅದರ ನಾರು ತುಂಡಾಗುತ್ತ ಹೋಗುತ್ತದೆ. ಐದಾರು ಬಾರಿಯ ನಂತರ ಅದು ಕಾಗದಕ್ಕೆ ಬಾರದು. 

ಆದರೆ ತೂಕದ ಲೆಕ್ಕದಲ್ಲಿ ಒಂದು ದೋಷ ಅಡಗಿತ್ತು. ದಿನಕ್ಕೆ ನಾಲ್ಕು ಡಬ್ಬಿ ಪಾನೀಯ ಕುಡಿದು ನಾಲ್ಕನ್ನೂ ಸರಿಯಾದ ತೊಟ್ಟಿಗೆ ಹಾಕಿದ ವಿದ್ಯಾರ್ಥಿಯಿಂದ ಅವನ ಪಕ್ಷದ ತೂಕ ಏರುತ್ತಿತ್ತು. ತನ್ನದೇ ಲೋಟದಲ್ಲಿ ನಲ್ಲಿಯ ನೀರು ಕುಡಿದವನಿಂದ ಗುಲಗಂಜಿಯಷ್ಟೂ ಏರುತ್ತಿರಲಿಲ್ಲ. ಹೆಚ್ಚು ಕೊಂಡವನಿಗೆ ಹೆಚ್ಚು ಕೀರ್ತಿ! ಆದಕಾರಣ ಪಂದ್ಯದಲ್ಲಿ ಇನ್ನೊಂದು ವಿಭಾಗವೂ ಸೇರಿತು. ಅದರಲ್ಲಿ ಎಸೆದ ಕಸ, ಮರುಬಳಕೆಗೆ ಕೊಟ್ಟ ವಸ್ತು ಎರಡನ್ನೂ ಕೂಡಿಸಿ ತೂಗಲಾಗುತ್ತಿತ್ತು. ಕಡಿಮೆ ತೂಗಿದವರೇ ವಿಜೇತರು. ಲೋಟದವನಿಗೆ ಆಗ ಬೆಲೆ ಬಂದಿತು. 2021ರ ವೇಳೆಗೆ ಮರುಬಳಕೆಯ ಉತ್ಸಾಹವನ್ನು ಸೂಚಿಸುತ್ತಿದ್ದ ಪಂದ್ಯದ ಹಳೆಯ ಹೆಸರೂ ಬದಲಾಗಿ, ಶೂನ್ಯ ಕಸದ ಕಡೆಗೆ ಓಟ ಎಂಬ ಅರ್ಥದ ಹೊಸ ಹೆಸರು ಬಂದಿತ್ತು.

ಕಸವನ್ನು ಹುಟ್ಟುವ ಮೊದಲೇ ತಡೆಯುವ ಇಂಥ ಯತ್ನಗಳು ಪಂದ್ಯದ ಹೊರಗೂ ನಡೆದವು. ಅಮೆರಿಕದ ವಿದ್ಯಾರ್ಥಿಗಳ ಭೋಜನಶಾಲೆಗಳಲ್ಲಿ ಅನೇಕ ಕಡೆ ಹಣವನ್ನು ಮೊದಲೇ ಕಟ್ಟಿ ಬೇಕಾದಷ್ಟು ಬಡಿಸಿಕೊಳ್ಳುವ ಪದ್ಧತಿಯಿದೆ. ಅಗಲವಾದ ಟ್ರೇ ಕೈಯಲ್ಲಿದ್ದರೆ ಅದರ ಮೇಲೆ ಮೂರು ನಾಲ್ಕು ತಟ್ಟೆಗಳಿಗೆ ಸ್ಥಳವುಂಟು. ಹೊಟ್ಟೆಗಿಂತ ಮೊದಲು ಕಣ್ಣು ಹಸಿಯುತ್ತದೆ. 2008ರ ಸುಮಾರಿಗೆ ಹಲವು ವಿಶ್ವವಿದ್ಯಾನಿಲಯಗಳು ಆ ಟ್ರೇಗಳನ್ನು ತೆಗೆದುಹಾಕಿದವು. ಎಸೆಯುವ ಆಹಾರ ಕಡಿಮೆಯಾಯಿತು. ಟ್ರೇ ತೊಳೆಯುವ ಬಿಸಿನೀರೂ ಉಳಿಯಿತು. ಇನ್ನೂ ಹಸಿವಿದ್ದವರು ಮತ್ತೆ ಎದ್ದುಹೋಗಿ ಬಡಿಸಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ.