ಕೂದಲಿಲ್ಲದ ಕುದುರೆಮರಿ: ಕಾರಣವೂ ನಿವಾರಣೆಯೂ

ತುರ್ಕ್‌ಮೆನಿಸ್ತಾನದ ಅಖಾಲ್-ತೆಕೆ ಕುದುರೆಗಳು ಲೋಹದಂತೆ ಹೊಳೆಯುವ ಮೈಗೂದಲಿಗೆ ಹೆಸರಾದುವು. ಆದರೆ ಈ ತಳಿಯಲ್ಲಿ ಅಪರೂಪವಾಗಿ, ಮೈಮೇಲೆ ಕೂದಲೇ ಇಲ್ಲದಂತಹ ಮರಿಯು ಹುಟ್ಟುವುದುಂಟು. ಅದರ ಚರ್ಮವು ಒಣಗಿ ಹೊಟ್ಟೇಳುವುದು. ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ವರ್ಷಗಳೊಳಗೆ, ಮರಿಯು ಸಾಯುವುದು.

ಮೇವಿನ ಕೊರತೆಯಾಗಲಿ ಆರೈಕೆಯ ತಪ್ಪಾಗಲಿ ಇದಕ್ಕೆ ಕಾರಣವಲ್ಲ. ಎಸ್‌ಟಿ೧೪ ಎಂಬ ವಂಶವಾಹಿಯ ದೋಷವೇ ಕಾರಣವೆಂಬುದು ೨೦೧೭ರಲ್ಲಿ ಪ್ರಕಟವಾಯಿತು. ತಂದೆತಾಯಿಗಳಿಬ್ಬರಿಂದಲೂ ದೋಷವು ಬಂದರೆ ಮಾತ್ರ ರೋಗವು ತೋರುವುದು. ಒಂದೇ ಕಡೆಯಿಂದ ಪಡೆದ ಕುದುರೆಯು ನೋಟಕ್ಕೆ ಸುಲಕ್ಷಣವಾಗಿದ್ದರೂ ದೋಷವನ್ನು ಸಂತತಿಗೆ ದಾಟಿಸಬಲ್ಲುದು. ಅಂತಹ ಎರಡನ್ನು ಕೂಡಿಸಿದರೆ, ಪ್ರತಿ ಗರ್ಭಕ್ಕೂ ನಾಲ್ಕರಲ್ಲೊಂದು ಪಾಲು ಅಪಾಯವುಂಟು. ದೋಷವಿಲ್ಲದುದರೊಡನೆ ಕೂಡಿಸಿದರೆ ಈ ರೋಗದ ಮರಿಯು ಹುಟ್ಟದು.

ಆದುದರಿಂದ ಈ ತಳಿಯನ್ನು ಸಾಕುವವರು, ಬೇರುಸಹಿತ ಕಿತ್ತ ಕೂದಲನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆಮಾಡಿಸಿದ ಬಳಿಕವೇ ಗಂಡುಕುದುರೆಯನ್ನು ಕೂಡಿಸತಕ್ಕದ್ದು. ಮೈಯ ಹೊಳಪು ವಂಶಶುದ್ಧಿಗೆ ಸಾಕ್ಷಿಯಲ್ಲ.